ಕಂಪ್ಯೂಟರಿಗೆ ಬೀಗ ಬೀಳುವ ಮೊದಲು

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ಸ್ಟೇಷನ್ ಹತ್ತಿರ ನಮ್ಮ ಮಾವನ ಹೋಟೆಲಿದೆ. ಒಂದು ದಿನ ಬೆಳಿಗ್ಗೆ ಆರಕ್ಕೇ ಫೋನ್ ಬಂತು. "ಗಲ್ಲೆ ಕಂಪ್ಯೂಟರ್ ಯಾಕೋ ವಿಚಿತ್ರ ಮಾಡ್ತಿದೆ, ಬೇಗ ಬಾ." ಹೋಗಿ ನೋಡಿದೆ. ಫೈಲುಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಆದರೆ ಒಂದೂ ತೆರೆಯುತ್ತಿರಲಿಲ್ಲ. ಪ್ರತಿಯೊಂದರ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕೈದು ಅಕ್ಷರ ಅಂಟಿಕೊಂಡಿತ್ತು. ಜೊತೆಗೊಂದು ಚೀಟಿ: ಬಿಟ್‌ಕಾಯಿನ್‌ನಲ್ಲಿ ದುಡ್ಡು ಕಟ್ಟಿ, ಕೀಲಿ ಕೊಡುತ್ತೇವೆ.

ಇದಕ್ಕೆ ರ‍್ಯಾನ್ಸಮ್‌ವೇರ್ ಅನ್ನುತ್ತಾರೆ. ಕಳ್ಳ ಏನನ್ನೂ ಹೊತ್ತುಕೊಂಡು ಹೋಗಬೇಕೆಂದಿಲ್ಲ. ನಿಮ್ಮ ಮನೆಗೆ ತನ್ನ ಬೀಗ ಜಡಿದು ಹೊರಗೆ ಕೂರುತ್ತಾನೆ. ಮಾವನ ಹತ್ತಿರ ಬ್ಯಾಕಪ್ ಇತ್ತು. ಆದರೆ ಆ ಹಾರ್ಡ್ ಡಿಸ್ಕ್ ಹಗಲೂ ರಾತ್ರಿ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ಅದರ ಫೈಲಿಗೂ ಬೀಗ ಬಿತ್ತು. ಐದು ವರ್ಷದ ಲೆಕ್ಕ, ಹುಡುಗರ ಪಗಾರದ ಪಟ್ಟಿ, ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಫೋಟೋ, ಎಲ್ಲ ಹೋಯಿತು.

ಅದಕ್ಕೇ ಬೇರೆ ಯಾವ ಕೆಲಸಕ್ಕೂ ಮೊದಲು ಬ್ಯಾಕಪ್ ಮಾಡಿ ಅಂತೀನಿ. ಒಂದು ಭಾನುವಾರದ ಮಧ್ಯಾಹ್ನ ಸಾಕು.

ಮೊದಲು ಎರಡು ಡಿಸ್ಕ್

ಹಾರ್ಡ್ ಡಿಸ್ಕ್ ಒಂದಲ್ಲ, ಎರಡು ಕೊಳ್ಳಿ. ಮೇಲೆ ಬಣ್ಣದ ಟೇಪ್ ಅಂಟಿಸಿ: ಒಂದು ಕೆಂಪು, ಒಂದು ನೀಲಿ. ಈ ವಾರ ಕೆಂಪಿಗೆ ಕಾಪಿ ಮಾಡಿ, ಮುಂದಿನ ವಾರ ನೀಲಿಗೆ. ಕಾಪಿ ಮುಗಿದ ಕೂಡಲೇ ಕೇಬಲ್ ಕಿತ್ತುಬಿಡಿ. ಈ ಕೀಳುವುದೇ ಮುಖ್ಯ. ತಂತಿ ಕಿತ್ತಿಟ್ಟ ಡಿಸ್ಕನ್ನು ಯಾವ ವೈರಸ್ಸೂ ಮುಟ್ಟಲಾರದು. ಒಂದು ಡಿಸ್ಕ್ ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ ಇರಲಿ. ಮುಂಬಯಿ ಮಳೆಗಾಲ ನಿಮಗೆ ಗೊತ್ತೇ ಇದೆಯಲ್ಲ, ನೆಲಮಹಡಿಗೆ ನೀರು ನುಗ್ಗಿದರೆ ಎರಡೂ ಒಟ್ಟಿಗೆ ಹೋಗಬಾರದು.

ಇನ್ನೊಂದು ಮಾತು. ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಒಂದೆರಡು ಫೈಲ್ ತೆರೆದು ನೋಡಿ. ಬ್ಯಾಕಪ್ ಆಗ್ತಿದೆ ಅಂದುಕೊಂಡು ವರ್ಷಗಟ್ಟಲೆ ಖಾಲಿ ಫೋಲ್ಡರನ್ನೇ ಕಾಪಿ ಮಾಡಿದವರನ್ನು ನಾನು ಕಂಡಿದ್ದೇನೆ.

ಆಮೇಲೆ ಹಿಂಬಾಗಿಲು

ಮಾವನ ಕಂಪ್ಯೂಟರಿಗೆ ಕಳ್ಳ ಬಂದದ್ದು ಎಲ್ಲಿಂದ? ಲೆಕ್ಕ ಬರೆಯುವವರು ಮನೆಯಿಂದಲೇ ಕೆಲಸ ಮಾಡಲಿ ಅಂತ, ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ತೆರೆದಿಟ್ಟಿದ್ದರು. ಪಾಸ್‌ವರ್ಡ್ ಹೋಟೆಲಿನ ಹೆಸರು, ಮುಂದೆ 123. ಇಂಥ ಬಾಗಿಲು ಹುಡುಕಲು ಯಾರೂ ಡೊಂಬಿವಲಿಗೆ ಬರಬೇಕಾಗಿಲ್ಲ. ಇಂಟರ್‌ನೆಟ್ಟಿನಲ್ಲಿ ತೆರೆದಿರುವ ಬಾಗಿಲುಗಳನ್ನೆಲ್ಲ ಪ್ರೋಗ್ರಾಮುಗಳು ಹಗಲೂ ರಾತ್ರಿ ತಟ್ಟುತ್ತಾ ಇರುತ್ತವೆ. ಪಾಸ್‌ವರ್ಡ್‌ಗಳ ದೊಡ್ಡ ಪಟ್ಟಿ ಹಿಡಿದು ಒಂದೊಂದೇ ಹಾಕಿ ನೋಡುತ್ತವೆ. "ನಮ್ಮದು ಸಣ್ಣ ಅಂಗಡಿ, ನಮ್ಮನ್ನು ಯಾರು ಕೇಳ್ತಾರೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ನೋಡಿ. ಬೇಡವಾದರೆ ಆಫ್ ಮಾಡಿ. ಬೇಕೇ ಬೇಕು ಅಂದರೆ ಗೊತ್ತಿರುವವರಿಂದ ವಿಪಿಎನ್, ಅಂದರೆ ನಿಮ್ಮವರಿಗೆ ಮಾತ್ರ ತೆರೆಯುವ ಖಾಸಗಿ ದಾರಿ, ಹಾಕಿಸಿ.

ಪಾಸ್‌ವರ್ಡ್ ವಿಷಯದಲ್ಲಿ ಉದ್ದವೇ ಬಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ. ಇಮೇಲಿಗೆ ಒಂದು, ಬ್ಯಾಂಕಿಗೆ ಬೇರೆಯದು. ಇಮೇಲ್ ಕೈತಪ್ಪಿದರೆ ಉಳಿದ ಖಾತೆಗಳ ಪಾಸ್‌ವರ್ಡನ್ನೂ ಅದರಿಂದಲೇ ಬದಲಾಯಿಸಬಹುದು. ಹಾಗಾಗಿ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಟೂ ಸ್ಟೆಪ್ ವೆರಿಫಿಕೇಶನ್ ಮೊದಲು ಇಮೇಲಿಗೆ ಹಾಕಿ.

ಅಪ್‌ಡೇಟ್ ಮುಂದೂಡಬೇಡಿ

ಗಿರಾಕಿ ಎದುರಿಗಿರುವಾಗ ಅಪ್‌ಡೇಟ್ ಕೇಳಿದರೆ ಯಾರಿಗಾದರೂ ಕೋಪ ಬರುತ್ತದೆ, ನಿಜ. ಆದರೆ 2017ರಲ್ಲಿ ಏನಾಯಿತು ನೋಡಿ. ವಿಂಡೋಸಿನ ಒಂದು ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಮೇ 12ಕ್ಕೆ ವಾನಾಕ್ರೈ ಅನ್ನುವ ರ‍್ಯಾನ್ಸಮ್‌ವೇರ್ ಅದೇ ತೂತಿನಿಂದ ನುಗ್ಗಿತು. ಬ್ರಿಟನ್ನಿನ ಎಷ್ಟೋ ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿಯಾಯಿತು. ಮುಂದಿನ ತಿಂಗಳು, ಜೂನ್ 27ರಂದು, ನಾಟ್‌ಪೆಟ್ಯಾ ಅನ್ನುವ ಇನ್ನೊಂದು ವೈರಸ್ ಬಂತು. ಅದು ಶುರುವಾದದ್ದು ಉಕ್ರೇನಿನ ತೆರಿಗೆ ಲೆಕ್ಕದ ಒಂದು ಸಾಫ್ಟ್‌ವೇರಿನಿಂದ. ಉರಣ್ ಹತ್ತಿರದ ನಮ್ಮ ನ್ಹಾವಾ ಶೇವಾ ಬಂದರಿನ ಒಂದು ಟರ್ಮಿನಲ್ ಅದರಿಂದ ಕೆಲಸ ನಿಲ್ಲಿಸಬೇಕಾಯಿತು. ಎಲ್ಲಿಯ ಉಕ್ರೇನ್, ಎಲ್ಲಿಯ ಉರಣ್! ಒಳಗೆ ಬಂದ ಮೇಲೆ ಅದು ಕದ್ದ ಪಾಸ್‌ವರ್ಡಿನಿಂದಲೂ ಹರಡಿತು, ಹಾಗಾಗಿ ಬರೀ ಅಪ್‌ಡೇಟ್ ಸಾಲದು. ಹಾಗಂತ ಬಿಡುವಂತೆಯೂ ಇಲ್ಲ.

ರಾತ್ರಿ ಶಟರ್ ಎಳೆಯುವ ಮೊದಲು ಅಪ್‌ಡೇಟ್ ಒತ್ತಿ ಹೋಗಿ. ಹಳೆಯ ವಿಂಡೋಸ್ 10 ಇದ್ದರೆ ನೆನಪಿಡಿ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ದುಡ್ಡು ಕೊಡದೆ ಸಿಗುವ ಕ್ರ್ಯಾಕ್ ಸಾಫ್ಟ್‌ವೇರ್ ಹಾಕಬೇಡಿ. "ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ" ಅಂತ ಅದೇ ಹೇಳುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ ಅಂದ ಹಾಗೆ ಅಲ್ವಾ ಇದು?

ಹೆಸರಿನ ಬಾಲ ನೋಡಿ

ಇಮೇಲಿಗೆ "ಬಿಲ್ ಡಾಟ್ ಪಿಡಿಎಫ್" ಅಂತ ಒಂದು ಫೈಲ್ ಬರುತ್ತದೆ. ನಿಜವಾದ ಹೆಸರು "ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" ಆಗಿರಬಹುದು. ಇಎಕ್ಸ್‌ಇ ಅಂದರೆ ಅದು ಬಿಲ್ ಅಲ್ಲ, ಪ್ರೋಗ್ರಾಮ್. ವಿಂಡೋಸ್ ಕೊನೆಯ ಬಾಲವನ್ನು ಸಾಮಾನ್ಯವಾಗಿ ಬಚ್ಚಿಡುತ್ತದೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ ಒತ್ತಿ, ಅದರಲ್ಲಿ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕಿ. ಒಂದೇ ನಿಮಿಷದ ಕೆಲಸ, ಇವತ್ತೇ ಮಾಡಿ.

ಫೋನಿನಲ್ಲೂ ಇದೇ ಆಟ. ವಾಟ್ಸಾಪಿಗೆ ಮದುವೆ ಕರೆಯೋಲೆ ಬರುತ್ತದೆ, ಟ್ರಾಫಿಕ್ ದಂಡದ ಚಲನ್ ಬರುತ್ತದೆ. ಕೊನೆಗೆ ಎಪಿಕೆ ಅಂತಿದ್ದರೆ ಅದು ಕಾಗದವಲ್ಲ, ಆ್ಯಪ್. ಒತ್ತಿ ಇನ್‌ಸ್ಟಾಲ್ ಮಾಡಿದರೆ ನಿಮ್ಮ ಒಟಿಪಿ ಮೆಸೇಜುಗಳನ್ನು ಬೇರೆಯವರು ಓದಬಹುದು. ನೆಂಟರ ನಂಬರಿನಿಂದಲೇ ಬಂದಿದ್ದರೂ ಅವರಿಗೆ ಫೋನ್ ಮಾಡಿ ಕೇಳಿ. ಅವರ ವಾಟ್ಸಾಪೇ ಕಳ್ಳರ ಕೈಗೆ ಹೋಗಿರಬಹುದು.

ಪೊಲೀಸ್ ಬಟ್ಟೆ ತೊಟ್ಟು ವಿಡಿಯೋ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂದರೆ ಫೋನ್ ಇಟ್ಟುಬಿಡಿ. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ಒಂಟಿಯಾಗಿರುವ ಹಿರಿಯರಿಗೆ ಇದನ್ನು ದಯವಿಟ್ಟು ಎದುರಿಗೆ ಕೂತು ಹೇಳಿ. ಫಾರ್ವರ್ಡ್ ಮಾಡಿದರೆ ಸಾಲದು.

ಬೀಗ ಬಿದ್ದೇ ಬಿಟ್ಟರೆ

ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆಫ್ ಮಾಡಿ. ಪಕ್ಕದ ಕಂಪ್ಯೂಟರಾದರೂ ಉಳಿಯಲಿ. ಪರದೆಯ ಫೋಟೋ ತೆಗೆದುಕೊಳ್ಳಿ. ದುಡ್ಡು ಕಟ್ಟಬೇಡಿ, ಕಟ್ಟಿದರೂ ಕೀಲಿ ಸಿಗುವ ಭರವಸೆ ಇಲ್ಲ. ಬ್ಯಾಂಕಿನಿಂದ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಟ್ರಾನ್ಸಾಕ್ಷನ್ ನಂಬರ್ ಕೈಯಲ್ಲಿರಲಿ. ಬೇಗ ಹೇಳಿದಷ್ಟೂ ಆ ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಅವಕಾಶ ಜಾಸ್ತಿ. ನಾಚಿಕೆಯಿಂದ ಒಂದು ರಾತ್ರಿ ಸುಮ್ನೆ ಕೂತರೆ ಆ ಅವಕಾಶ ಕೈಬಿಟ್ಟಂತೆಯೇ.

ಬೀಗ ಬಿದ್ದ ಫೈಲುಗಳನ್ನು ಅಳಿಸಬೇಡಿ. ನೋ ಮೋರ್ ರ‍್ಯಾನ್ಸಮ್ ಅನ್ನುವ ಜಾಲತಾಣವೊಂದಿದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ರ‍್ಯಾನ್ಸಮ್‌ವೇರ್‌ಗಳ ಕೀಲಿ ಅಲ್ಲಿ ಪುಕ್ಕಟೆ ಸಿಗುತ್ತದೆ. ಮಾವನ ಹಳೆಯ ಡಿಸ್ಕನ್ನು ಕಾಗದದಲ್ಲಿ ಸುತ್ತಿ ನಮ್ಮ ಕಪಾಟಿನಲ್ಲಿ ಇಟ್ಟಿದ್ದೇನೆ. ಒಂದೆರಡು ತಿಂಗಳಿಗೊಮ್ಮೆ ಆ ತಾಣಕ್ಕೆ ಹೋಗಿ ನೋಡುತ್ತೇನೆ. ಅದರ ಕೀಲಿ ಇನ್ನೂ ಬಂದಿಲ್ಲ.