ಕ್ವೆಸ್ಟ್‌ನಲ್ಲಿ ಎರಡೂ ದಾರಿ ತಪ್ಪು ಅನ್ನಿಸಿದಾಗ

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್. ನಾನೂ ತಮ್ಮನೂ ಪಾಳಿ ಹಚ್ಚಿ ಆಡುತ್ತೇವೆ. ಹೋದ ತಿಂಗಳು ಒಂದು ರಾತ್ರಿ ಅವನು ಮೌಸ್ ಬಿಟ್ಟು ಸುಮ್ನೆ ಕೂತುಬಿಟ್ಟ. "ಅಕ್ಕಾ, ಯಾವುದು ಒತ್ತಲಿ? ಎರಡೂ ತಪ್ಪು ಅನಸಾಕತ್ತೈತಿ" ಅಂದ.

ಅದು 2015ರ 'ದಿ ವಿಚರ್ 3' ಎಂಬ ವಿಡಿಯೋ ಗೇಮ್‌ನ ಒಂದು ಕ್ವೆಸ್ಟ್, ಅಂದರೆ ಆಟದೊಳಗೆ ಒಪ್ಪಿಕೊಂಡು ಮಾಡುವ ಕೆಲಸ. ಕಥೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಈ ಪ್ಯಾರಾ ಬಿಟ್ಟು ಓದಿ. ಗುಡ್ಡದ ಮೇಲೊಂದು ಮರ, ಅದರ ಬೇರಿನಡಿ ಸಿಕ್ಕಿಬಿದ್ದ ಒಂದು ಆತ್ಮ. ತನ್ನನ್ನು ಬಿಡಿಸಿದರೆ ಅನಾಥ ಮಕ್ಕಳನ್ನು ಮಾಟಗಾತಿಯರಿಂದ ಉಳಿಸುತ್ತೇನೆ ಅನ್ನುತ್ತದೆ. ಕೊಂದರೆ ಮಕ್ಕಳು ಉಳಿಯುವುದಿಲ್ಲ. ಬಿಡಿಸಿದರೆ ಮಕ್ಕಳು ಉಳಿಯುತ್ತಾರೆ, ಆದರೆ ಪಕ್ಕದ ಹಳ್ಳಿ ನಾಶವಾಗುತ್ತದೆ. ಆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಮೇಲೆ ಮಾಟಗಾತಿಯರ ಸಿಟ್ಟು ಬೀಳುತ್ತದೆ.

ಇಂಥ ಕಡೆ ನಾನು ಮಾಡುವುದನ್ನೇ ಅವನಿಗೂ ಹೇಳಿದೆ.

ಮೊದಲು ಸೇವ್ ಮಾಡಿ. ಮಾತು ಶುರುವಾಗುವ ಮೊದಲೇ, ಹೊಸ ಸ್ಲಾಟ್‌ನಲ್ಲಿ. ಆಟ ತಾನೇ ಮಾಡಿಕೊಳ್ಳುವ ಆಟೋಸೇವ್ ನಂಬಿ ಕೂರಬೇಡಿ, ಹಳೆಯದರ ಮೇಲೆ ಹೊಸದು ಬಂದು ಕೂರುತ್ತದೆ.

ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಮಾತಾಡದೇ ಇರುವವರು ಯಾರು? ಇದನ್ನು ನನಗೆ ಕಲಿಸಿದ್ದು ನಮ್ಮ ಆಯಿ. ಹಳೇ ಬಾಗಲಕೋಟೆಯ ಅವರ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಮುಳುಗಡೆ ಬಗ್ಗೆ ಕೇಳಿದಾಗಲೆಲ್ಲ, "ಹೊಲಕ್ಕ ನೀರು ಬಂತು, ಖರೇನ ಐತಿ ಯವ್ವಾ. ನನ್ನ ಅಂಗಳ ಹೋತು, ಅದೂ ಖರೇನ" ಅನ್ನುತ್ತಾರೆ. ಕ್ವೆಸ್ಟ್ ಕೊಡುವವನು ಹೊಲದ ಮಾತು ಆಡುತ್ತಾನೆ. ಅಂಗಳದವರನ್ನು ನೀವೇ ಹುಡುಕಿಕೊಂಡು ಹೋಗಬೇಕು.

2009ರ 'ಡ್ರ್ಯಾಗನ್ ಏಜ್: ಆರಿಜಿನ್ಸ್' ನೋಡಿ. ಕುಳ್ಳರ ರಾಜ್ಯಕ್ಕೆ ನೀವು ರಾಜನನ್ನು ಆರಿಸಬೇಕು. ಹ್ಯಾರೋಮಾಂಟ್ ಮರ್ಯಾದಸ್ಥ ಹಿರಿಯ. ಬೇಲೆನ್ ಪಟ್ಟಕ್ಕಾಗಿ ಒಡಹುಟ್ಟಿದವರಿಗೇ ಮೋಸ ಮಾಡಿದವನು. ಯಾರನ್ನು ಆರಿಸುತ್ತೀರಿ ಅಂದರೆ ಯಾರಾದರೂ ಹಿರಿಯನನ್ನೇ ತೋರಿಸುತ್ತಾರೆ, ಅಲ್ವಾ? ನಾನೂ ಮೊದಲ ಸಲ ಹಾಗೇ ಮಾಡಿದೆ. ಆದರೆ ಅವನ ಕೈಗೆ ಪಟ್ಟ ಬಂದರೆ ಜಾತಿ ಕಟ್ಟು ಇನ್ನೂ ಬಿಗಿಯಾಗುತ್ತದೆ, ಹೊರಗಿನವರಿಗೆ ಬಾಗಿಲು ಮುಚ್ಚುತ್ತದೆ. ಬೇಲೆನ್ ಬಂದರೆ ಜಾತಿಯಿಂದ ಹೊರಗಿಟ್ಟವರಿಗೆ ಸ್ವಲ್ಪ ಉಸಿರಾಡಲು ಸಿಗುತ್ತದೆ. ಮುಖದ ಮೇಲೆ ಗುರುತು ಹಾಕಿಸಿಕೊಂಡ ಆ ಜನ ಇರುವ ಕೇರಿಯ ಹೆಸರು ಡಸ್ಟ್ ಟೌನ್. ಅಲ್ಲಿ ಸುತ್ತಾಡಿ, ಎಲ್ಲರ ಮಾತು ಕೇಳಿ, ಆಮೇಲೆ ಆರಿಸಿ. ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ಬೆಳೆದ ನಾನು ಆ ಕೇರಿಗೆ ಹೋಗದೇ ಪಟ್ಟ ಕಟ್ಟಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಅವಸರ ಮಾಡಿಸುವ ಕ್ವೆಸ್ಟ್ ಮೇಲೆ ಜಾಸ್ತಿ ಕಣ್ಣಿಡಿ. ಇದೇ ಆಟದಲ್ಲಿ ದೆವ್ವ ಹಿಡಿದ ಹುಡುಗನೊಬ್ಬನಿದ್ದಾನೆ. ಅವನನ್ನು ಕೊಲ್ಲಬೇಕು, ಇಲ್ಲವೇ ಅವನ ತಾಯಿಯನ್ನು ಬಲಿ ಕೊಡಬೇಕು ಅನ್ನಿಸುವಂತೆ ಮಾಡುತ್ತಾರೆ. ಮಂತ್ರವಾದಿಗಳ ಗೋಪುರಕ್ಕೆ ಹೋಗಿ ಸಹಾಯ ತರುವ ಮೂರನೇ ದಾರಿಯೂ ಇದೆ. ಅಷ್ಟರಲ್ಲಿ ಊರಿಗೆ ಏನಾದೀತೋ ಎಂದು ಹೆದರಿಸುತ್ತಾರೆ, ಏನೂ ಆಗುವುದಿಲ್ಲ.

ಪಾಯಿಂಟ್ ನೋಡಿ ಆರಿಸಬೇಡಿ. 2008ರ 'ಫಾಲ್‌ಔಟ್ 3'ರಲ್ಲಿ ಟೆನ್‌ಪೆನಿ ಟವರ್‌ನ ಶ್ರೀಮಂತರನ್ನು ಒಪ್ಪಿಸಿ, ಹೊರಗಿರುವ ಗೂಲ್‌ಗಳನ್ನು (ವಿಕಿರಣದಿಂದ ರೂಪ ಕೆಟ್ಟ ಮನುಷ್ಯರು) ಒಳಗೆ ಸೇರಿಸಿದರೆ ಒಳ್ಳೆಯ ಕರ್ಮದ ಪಾಯಿಂಟ್ ಸಿಗುತ್ತದೆ. ಕೆಲವು ದಿನ ಬಿಟ್ಟು ಹೋಗಿ ನೋಡಿ, ಆ ಶ್ರೀಮಂತರೆಲ್ಲ ಸತ್ತಿರುತ್ತಾರೆ.

ಆರಿಸಿದ ಮೇಲೆ ಹಿಂದಿನ ಸೇವ್‌ಗೆ ಓಡಬೇಡಿ. ಅದು ಇರುವುದು ಇನ್ನೊಂದು ಸಲ ಆಡುವಾಗ ಬೇರೆ ದಾರಿ ನೋಡಲಿಕ್ಕೆ. ಈಗ ಯಾಕೆ ಹೀಗೆ ಮಾಡಿದೆ ಎಂದು ಒಂದು ಸಾಲು ಬರೆದಿಡಿ.

ತಮ್ಮ ಆತ್ಮವನ್ನು ಬಿಡಿಸಿದ. ನೋಟ್‌ಬುಕ್‌ನಲ್ಲಿ ಬರೆದ: "ಮಕ್ಕಳು ಕಣ್ಣ ಮುಂದೆ ಇದ್ರು. ಊರಿನವರನ್ನ ನಾನು ಕೇಳಲೇ ಇಲ್ಲ." ಮರುದಿನ ಸಂಜೆ ನೋಡಿದರೆ, ಹೊಸ ಹಳ್ಳಿಯೊಂದರಲ್ಲಿ ಕೆಲಸ ಒಪ್ಪಿಕೊಳ್ಳುವ ಮೊದಲೇ ಮನೆ ಮನೆ ಸುತ್ತುತ್ತಿದ್ದ. ನನ್ನ ಪಾಳಿ ಬಂದು ಅರ್ಧ ಗಂಟೆ ಆಗಿತ್ತು. ನಾನು ಕೇಳಲಿಲ್ಲ.