ಒತ್ತಕ್ಷರ ಕಲಿಸೋವಾಗ ಮೊದಲು ಕಿವಿ, ಆಮೇಲೆ ಪೆನ್ಸಿಲ್

ಕಾಗುಣಿತ ಸರಾಗವಾಗಿ ಓದ್ತಿದ್ದ ಮಗು ಒತ್ತಕ್ಷರ ಬಂದ ತಕ್ಷಣ ತಡವರಿಸುತ್ತೆ. ಆಗ ನಾವು ಮಾಡೋದೇನು, ಕ್ಕ ಗ್ಗ ಚ್ಚ ಅಂತ ಉದ್ದಕ್ಕೆ ಪಟ್ಟಿ ಬರೆದು ಬಾಯಿಪಾಠ ಮಾಡಿಸ್ತೀವಿ. ಮಗು "ಕ-ಗೆ ಕ ಒತ್ತು" ಅಂತ ರಾಗವಾಗಿ ಒಪ್ಪಿಸುತ್ತೆ, ಆದ್ರೆ ಬೆಕ್ಕು ಅಂತ ಬರೆದಿರೋದನ್ನ ತೋರಿಸಿದ್ರೆ "ಬೆಕು" ಅನ್ನುತ್ತೆ. ಯಾಕಂದ್ರೆ ಕಲಿತಿದ್ದು ಒತ್ತಿನ ಹೆಸರು, ಸದ್ದಲ್ಲ.

ಅದಕ್ಕೇ ಮೊದಲ ಕೆಲವು ದಿನ ಪುಸ್ತಕಾನೇ ಬೇಡ. ಬರೀ ಮಾತು. ಕತೆ-ಕತ್ತೆ, ಹಳಿ-ಹಳ್ಳಿ, ಕಡಿ-ಕಡ್ಡಿ, ಇದೆ-ಇದ್ದೆ, ಹೀಗೆ ಜೋಡಿ ಜೋಡಿ ಹೇಳಿ, ಯಾವುದರಲ್ಲಿ ನಾಲಿಗೆ ಒಂದು ಕ್ಷಣ ಅಂಟಿಕೊಂಡು ನಿಲ್ಲುತ್ತೆ ಕೇಳಿ. ಅಪ್ಪ ಅನ್ನುವಾಗ ತುಟಿ ಮುಚ್ಚಿಕೊಂಡು ನಿಲ್ಲೋದನ್ನ ಬೆರಳಿಟ್ಟು ನೋಡ್ಕೊಳ್ಳಲಿ. ಈ ನಿಲ್ಲೋದಿದ್ಯಲ್ಲ, ಅದೇ ಒತ್ತಕ್ಷರ (ಛಂದಸ್ಸಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗೋದೂ ಇದೇ ಕಾರಣಕ್ಕೆ, ಮಗುಗೆ ಅದನ್ನೆಲ್ಲ ಈಗ ಹೇಳೋಕೆ ಹೋಗ್ಬೇಡಿ). ಚಪ್ಪಾಳೆ ತಟ್ಟಿ ಬಿಡಿಸೋದೂ ಒಳ್ಳೇದು: ಕತ್-ತೆ, ಅಕ್-ಕ, ಹಳ್-ಳಿ.

ಆಮೇಲೆ ಬರಹ. ಅಕ್ಕ, ಅಪ್ಪ, ಅಜ್ಜಿ, ಹಗ್ಗ, ದೊಡ್ಡ ಇಂಥವು ಮೊದಲು, ಯಾಕಂದ್ರೆ ಇಲ್ಲಿ ಒತ್ತು ಅಂದ್ರೆ ಹೆಚ್ಚುಕಮ್ಮಿ ಅದೇ ಅಕ್ಷರ ತಲೆಕಟ್ಟು ಬಿಚ್ಚಿಟ್ಟು ಕೆಳಗೆ ಕೂತಂಗೆ, ನೋಡಿದ್ರೆ ಗುರುತು ಸಿಗುತ್ತೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಬೇರೆ ರೂಪ, ಅವನ್ನ ಒಂದೊಂದೇ, ನಿಧಾನಕ್ಕೆ. ಒಂದೇ ದಿನ ಆರೂ ತುರುಕಬೇಡಿ.

ಇಲ್ಲೀವರೆಗೂ ಸಲೀಸು. ನಿಜವಾದ ಗಂಟು ಇರೋದು ಬೇರೆ ಬೇರೆ ಅಕ್ಷರ ಸೇರುವಾಗ. ಕುಸ್ತಿ ಅಂತ ಬರೀರಿ, ಎಷ್ಟೋ ಮಕ್ಕಳು "ಕುಸಿತ" ಅಂತ ಓದ್ತವೆ. ಅದು ಪೆದ್ದುತನ ಅಲ್ಲ, ಕಣ್ಣಿಗೆ ಕಂಡಿದ್ದನ್ನೇ ಓದಿದೆ ಪಾಪ: ಗುಡಿಸು ಇರೋದು ಸ ಮೇಲೆ, ತ ಕೆಳಗಿದೆ. ಆದ್ರೆ ಇ ಸದ್ದು ಬರೋದು ತ ಆದ್ಮೇಲೆ. ಈ ವಿಷಯ ಯಾರೂ ಬಿಡಿಸಿ ಹೇಳಲ್ಲ, ಮಗು ತಾನಾಗೇ ಕಂಡುಕೊಳ್ಳಲಿ ಅಂತ ಬಿಟ್ಟುಬಿಡ್ತೀವಿ.

ಚೀಟಿ ಮಾಡಿ ತೋರಿಸಿ. ಒಂದರಲ್ಲಿ ಕು, ಒಂದರಲ್ಲಿ ಸ್, ಒಂದರಲ್ಲಿ ತಿ. ಪಕ್ಕಪಕ್ಕ ಇಟ್ಟು ಓದಿಸಿ, ಕು-ಸ್-ತಿ. ಈಗ ತಿ ಚೀಟಿನ ಸ್ ಕೆಳಗೆ ಜಾರಿಸಿ, "ತ ಕೆಳಗಿಳಿಯೋವಾಗ ತನ್ನ ಗುಡಿಸನ್ನ ಸ ಕೈಲಿ ಕೊಟ್ಟು ಇಳೀತು, ಗುಡಿಸು ಮೇಲಿದ್ರೂ ಅದು ತ-ದೇ" ಅನ್ನಿ. ಶಕ್ತಿ, ಆಸ್ತಿ ಎಲ್ಲಾ ಹಿಂಗೇ ಬಿಡಿಸಿ. ಮೊಬೈಲಲ್ಲಿ ಟೈಪ್ ಮಾಡಿ ತೋರಿಸಿದ್ರೆ ಇನ್ನೂ ಮಜಾ: ಸ ಒತ್ತಿ, ಅರ್ಧಾಕ್ಷರದ ಚಿಹ್ನೆ ಒತ್ತಿ, ತ ಒತ್ತಿ, ಕೊನೆಗೆ ಗುಡಿಸು ಒತ್ತಿ, ಅದು ಹಾರಿ ಹೋಗಿ ಸ ಮೇಲೆ ಕೂರೋದನ್ನ ಮಗು ಕಣ್ಣಾರೆ ನೋಡುತ್ತೆ. ಟೈಪ್ ಮಾಡೋ ಕ್ರಮನೇ ಸದ್ದಿನ ಕ್ರಮ.

ಅರ್ಕಾವೊತ್ತು ಇದಕ್ಕಿಂತ ಕಿಲಾಡಿ. ಸೂರ್ಯ, ವರ್ಷ, ಮಾರ್ಗ, ಇಲ್ಲೆಲ್ಲ ರ್ ಬರೆಯೋದು ಆಮೇಲೆ, ಹೇಳೋದು ಮೊದಲು. ಅಕ್ಷರದ ಬಲಗಡೆ ಅರ್ಕಾವೊತ್ತಿನ ಕೊಕ್ಕೆ ಕಂಡ್ರೆ ಮೊದಲು ರ್ ಅಂದ್ಬಿಡು ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸಿ, ಇದನ್ನ ಬೇರೆ ಒತ್ತುಗಳು ಗಟ್ಟಿಯಾದ ಮೇಲೇ ತಗೊಳ್ಳಿ.

ಮಗು ಪ್ರೀತಿನ "ಪಿರೀತಿ" ಅಂದ್ರೆ ಗದರಬೇಡಿ. ನಮ್ಮ ಭಾಷೆನೇ ಚಂದ್ರನ್ನ ಚಂದಿರ ಮಾಡಿದೆ, ವರ್ಷನ ವರುಷ ಮಾಡಿದೆ. ಪಿರೀತಿ ಪಿರೀತಿ ಅಂತ ಬೇಗ ಬೇಗ ಹೇಳಿಸ್ತಾ ಹೋಗಿ, ನಡುವಿನ ಇ ತಾನೇ ಸವೆದು ಹೋಗುತ್ತೆ.

ಉಕ್ತಲೇಖನ ಕೊಡೋವಾಗ ಹೇಳಿದ ತಕ್ಷಣ ಬರೆಸಬೇಡಿ. ಮಗು ಮೊದಲು ಬಾಯಲ್ಲಿ ಬಿಡಿಸಲಿ, "ಪು-ಸ್-ತ-ಕ" ಅಂತ, ಆಮೇಲೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಹೇಳಲಿ, ಆಮೇಲೆ ಪೆನ್ಸಿಲ್. ದಿನಕ್ಕೆ ಐದು ಪದ ಸಾಕು. ಶಾಸ್ತ್ರ, ರಾಷ್ಟ್ರ ಥರದ ಮೂರಕ್ಷರದ ಗಂಟುಗಳಿಗೆ ಅವಸರ ಇಲ್ಲ, ಎರಡು ಬಿಡಿಸೋಕೆ ಬಂದ ಮಗುಗೆ ಅವುಗಳಲ್ಲಿ ಹೊಸದಾಗಿ ಕಲಿಯೋಕೆ ಇರೋದು ಇನ್ನೊಂದು ಚೀಟಿ ಅಷ್ಟೇ.