ಮೊದಲು ಲೋಡ್, ಆಮೇಲೆ ಎಸಿ

"ನಾಕು ಎಸಿಗೆ ಇಷ್ಟೆಲ್ಲ ಕಾಗದ ಯಾಕ್ರೀ, ಗೋಡೆಗೆ ತೂಗುಹಾಕಿ ವೈರ್ ಕೊಟ್ರಾತು" ಅನ್ನುವ ಮಾತು ದಾವಣಗೆರೆಯ ಚೌಕಿಪೇಟೆಯಲ್ಲಿ ಹೊಸದಲ್ಲ. ಈ ಏಪ್ರಿಲ್‌ನಲ್ಲಿ ನಾವು ಎಸಿ ಹಾಕಿಕೊಟ್ಟ ಅಲ್ಲಿನ ಒಂದು ಬಟ್ಟೆ ಅಂಗಡಿಯಲ್ಲಿ ನಾಲ್ಕೂ ಎಸಿ ಮಧ್ಯಾಹ್ನದ ಹೊತ್ತು ಒಟ್ಟಿಗೆ ಓಡಿದವು, ಮೈನ್ ಒಂದು ಸಲವೂ ಬೀಳಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಅಂಗಡಿಗೆ ಸ್ಪ್ಲಿಟ್ ಎಸಿ ಹಾಕಲು ಪರ್ಮಿಟ್ ಅಂತ ಬೇರೆ ಕಾಗದ ಇಲ್ಲ. ವಿದ್ಯುತ್ ಕಂಪನಿ ಬೆಸ್ಕಾಂ ಮಂಜೂರು ಮಾಡಿದ ಲೋಡೇ, ಅಂದರೆ ಎಷ್ಟು ಕಿಲೋವ್ಯಾಟ್ ಎಳೆಯಬಹುದು ಅನ್ನುವ ಮಿತಿಯೇ, ನಮ್ಮ ಪರ್ಮಿಟ್. ಲೋಡ್ ಹೆಚ್ಚಿಸುವ ಅರ್ಜಿಗೆ ಇತ್ತೀಚಿನ ಬಿಲ್, ಕಟ್ಟಡ ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಪತ್ರ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಸಹಿ ಮಾಡಿದ ವೈರಿಂಗ್ ವರದಿ. ಒಪ್ಪಿಗೆ ಪತ್ರದಲ್ಲೇ ಔಟ್‌ಡೋರ್ ಯೂನಿಟ್ ಎಲ್ಲಿ ಕೂರುತ್ತದೆ, ಡ್ರೈನ್ ನೀರು ಎಲ್ಲಿ ಬೀಳುತ್ತದೆ ಅಂತಲೂ ಬರೆಸಿಕೊಳ್ಳಿ. ಪಕ್ಕದ ಗೋಡೆ ನೆನೆದ ದಿನ ಅದೇ ಕಾಗದ ಕಾಯುತ್ತದೆ.

ಮೊದಲ ಅರ್ಜಿ ನಾವೇ ಕೆಡಿಸಿದೆವು. ಒಂದೂವರೆ ಟನ್ನಿನವು ಮೂರು, ಎರಡು ಟನ್ನಿನದು ಒಂದು. ನಮ್ಮ ಹುಡುಗ ಬಾಕ್ಸ್ ಮೇಲಿದ್ದ ಕೂಲಿಂಗ್ ಸಾಮರ್ಥ್ಯವನ್ನೇ ಲೋಡ್ ಅಂತ ಬರೆದಿದ್ದ: ಟನ್ನಿಗೆ 3.5 ಕಿಲೋವ್ಯಾಟ್ ಲೆಕ್ಕದಲ್ಲಿ ಹತ್ತಿರ ಹತ್ತಿರ 23. ಅದು ಯಂತ್ರ ಕೋಣೆಯಿಂದ ತೆಗೆಯುವ ಶಾಖ, ಎಳೆಯುವ ಕರೆಂಟ್ ಅಲ್ಲ. ನೋಡಬೇಕಾದ್ದು ನೇಮ್‌ಪ್ಲೇಟಿನ ಇನ್‌ಪುಟ್. ಒಂದೂವರೆ ಟನ್ನಿಗೆ ಸುಮಾರು 1.8 ಕಿಲೋವ್ಯಾಟ್, ಎರಡಕ್ಕೆ 2.4, ಲೈಟು ಫ್ಯಾನಿಗೆ ಒಂದೂವರೆ, ಒಟ್ಟು 9.3, ಕೇಳಿದ್ದು 10. ಸುಮ್ಮನೆ ಹೆಚ್ಚು ಕೇಳಬಾರದು, ನಿಗದಿತ ಶುಲ್ಕ ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ಪ್ರತಿ ತಿಂಗಳೂ ಬೀಳುತ್ತದೆ, ಎಸಿ ಆಫ್ ಇರುವ ಡಿಸೆಂಬರ್‌ನಲ್ಲೂ. ಹಳೆಯ ಅರ್ಜಿ ವಾಪಸ್ ತೆಗೆದು ಹೊಸದು ಕೊಡುವಷ್ಟರಲ್ಲಿ ಮೂರು ವಾರ ಹೋಯಿತು.

ತ್ರೀ ಫೇಸ್ ಬಂದ ಮೇಲೆ ಆರ್, ವೈ, ಬಿ ಎಂಬ ಮೂರು ಫೇಸುಗಳಿಗೆ ಹಂಚಿಕೆ: ಆರ್‌ಗೆ ಎರಡು ಒಂದೂವರೆ ಟನ್, ವೈಗೆ ಎರಡು ಟನ್ನಿನದು ಮತ್ತು ಅರ್ಧ ಲೈಟು, ಬಿಗೆ ಉಳಿದದ್ದು. ಯಾವ ಎಸಿಯನ್ನು ಮೊದಲು ಆನ್ ಮಾಡಿಸುತ್ತೇವೆ ಅನ್ನೋದರಲ್ಲೂ ಒಂದು ಕ್ರಮ ಇದೆ, ಅದನ್ನು ಮಾತ್ರ ಇಲ್ಲಿ ಬರೆಯಲಾರೆ. ಮೈನ್‌ನಿಂದ ಬೋರ್ಡಿಗೆ 16 ಚದರ ಮಿ.ಮೀ. ನಾಲ್ಕು ಕೋರಿನ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್, ಪ್ರತಿ ಎಸಿಗೂ 4 ಚದರ ಮಿ.ಮೀ. ತಾಮ್ರ, 20 ಆಂಪ್ ಸಿ ಕರ್ವ್ ಎಂಸಿಬಿ (ಸ್ಟಾರ್ಟ್ ಆಗುವ ಕ್ಷಣದ ಹೆಚ್ಚು ಕರೆಂಟಿಗೆ ಬೀಳದ ಸ್ವಿಚ್). 30 ಮಿಲಿಆಂಪಿನ ಆರ್‌ಸಿಸಿಬಿ (ಭೂಮಿಗೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಎಸಿಗೊಂದು. ನಾಲ್ಕಕ್ಕೂ ಒಂದೇ ಹಾಕಿದರೆ ಇನ್ವರ್ಟರ್ ಎಸಿಗಳ ಫಿಲ್ಟರುಗಳ ಸಣ್ಣ ಲೀಕೇಜ್ ಕೂಡಿ ಸುಮ್ಮನೆ ಟ್ರಿಪ್ ಆಗುತ್ತದೆ.

ದುಡ್ಡು ಹೋದದ್ದು ನ್ಯೂಟ್ರಲ್‌ನಲ್ಲಿ, ಅಂದರೆ ಮೂರೂ ಫೇಸುಗಳಿಗೆ ಸಾಮಾನ್ಯವಾದ ವಾಪಸ್ ತಂತಿಯಲ್ಲಿ. ಅಲ್ಯೂಮಿನಿಯಂ ಕೇಬಲ್ಲನ್ನು ತಾಮ್ರದ ಬಾರ್‌ಗೆ ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದುವ ತುದಿ) ಇಲ್ಲದೆ ಬಿಗಿದಿದ್ದೆವು. ಎರಡು ತಿಂಗಳಲ್ಲಿ ಜಾಯಿಂಟ್ ಕಪ್ಪಾಗಿ ಸಡಿಲವಾಯಿತು. ನ್ಯೂಟ್ರಲ್ ಬಿಟ್ಟ ಕ್ಷಣ ಲೋಡ್ ಕಡಿಮೆ ಇದ್ದ ಫೇಸ್ 300 ವೋಲ್ಟ್ ದಾಟಿತು, ಎಸಿಯ ಎರಡು ಪಿಸಿಬಿ (ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್) ಸುಟ್ಟವು. ಒಂದೊಂದಕ್ಕೆ ಐದಾರು ಸಾವಿರ, ಎರಡೂ ನಮ್ಮ ಕೈಯಿಂದಲೇ. ನೂರಿನ್ನೂರರ ಲಗ್ ಉಳಿಸಿದ್ದಕ್ಕೆ! ಈಗ ಲಗ್, ಮೇಲೆ ಪೇಸ್ಟ್, ತಿಂಗಳು ಬಿಟ್ಟು ಮತ್ತೊಮ್ಮೆ ಬಿಗಿತ.

ಅರ್ತಿಂಗ್‌ಗೆ ಎರಡೂವರೆ ಮೀಟರ್ ಜಿಐ ಪೈಪು, ಇದ್ದಿಲು, ಉಪ್ಪು. ಬೇಸಿಗೆಯಲ್ಲಿ ಗುಂಡಿ ಒಣಗಿ ಅರ್ತಿನ ರೋಧದ ರೀಡಿಂಗ್ (ಕಡಿಮೆ ಇದ್ದಷ್ಟೂ ಒಳ್ಳೆಯದು) 5 ಓಮ್ ದಾಟುತ್ತದೆ. ಎಸಿ ಡ್ರೈನಿನ ನೀರನ್ನೇ ಗುಂಡಿಗೆ ಬಿಟ್ಟು ನೋಡಿದೆವು. ಏಪ್ರಿಲ್‌ನ ಒಣ ಗಾಳಿಯಲ್ಲಿ ಡ್ರೈನ್ ಬರುವುದೇ ತೊಟ್ಟು ತೊಟ್ಟು. ಮಳೆಗಾಲದಲ್ಲಿ ಸುರಿಯುತ್ತದೆ, ಆಗ ಗುಂಡಿಗೆ ಬೇಕಿಲ್ಲ. ವಾರಕ್ಕೆರಡು ಕೊಡ ನೀರೇ ಸರಿ. ಚಿತ್ರದುರ್ಗದ ಕಡೆ ಕೆಲಸ ಹಿಡಿದರೆ ಗುಂಡಿ ತೋಡುವ ಕೂಲಿ ಬೇರೆ ಬರೆದುಕೊಳ್ಳಿ, ಬಂಡೆ ಸಿಕ್ಕರೆ ಅರ್ಧ ದಿನದ ಕೆಲಸ ಎರಡು ದಿನ.

ಔಟ್‌ಡೋರ್‌ಗಳನ್ನು ಎದುರುಬದುರು ಇಡಬೇಡಿ. ಕಿರಿದಾದ ಗಲ್ಲಿಯಲ್ಲಿ ಒಂದರ ಬಿಸಿಗಾಳಿ ಇನ್ನೊಂದರ ಬಾಯಿಗೆ ಹೋಗಿ ಗ್ಯಾಸಿನ ಒತ್ತಡ ಏರಿ ಎಸಿ ತಾನೇ ನಿಲ್ಲುತ್ತದೆ. ಹಿಂದೆ ಒಂದಡಿ, ಮುಂದೆ ಮೂರಡಿ ಬೇಕು. ನಾವು ಕೊನೆಗೆ ನಾಲ್ಕನ್ನೂ ಟೆರೇಸಿಗೆ ಹೊತ್ತೆವು. ತಾಮ್ರದ ಪೈಪು ಹೆಚ್ಚಾಗಿ ಏಳೆಂಟು ಸಾವಿರ ಜಾಸ್ತಿ ಬಿತ್ತು. ಲೋಡ್, ಕೇಬಲ್, ಬೋರ್ಡ್ ಸೇರಿ ಮೂವತ್ತೈದರಿಂದ ನಲವತ್ತು ಸಾವಿರ, ಡಿಪಾಸಿಟ್ ಬೇರೆ. "ಕಾಗದ ಯಾಕ್ರೀ" ಅಂದವರ ಪೈಕಿ ಇಬ್ಬರ ಅರ್ಜಿ ಈಗ ನಮ್ಮ ಮೇಜಿನ ಮೇಲಿದೆ.